ಕರೆಂಟು ಹೋದರೂ ಡಿಕ್ಕಿ ತೆರೆಯಬೇಕು

ಕಾರಿನ ಡಿಕ್ಕಿ ತೆರೆಯದೆ ಹೋದರೆ ಅದನ್ನು ಯಾರೂ ದೊಡ್ಡ ಸಂಗತಿಯೆಂದು ಎಣಿಸುವುದಿಲ್ಲ. ಎರಡು ಸಲ ಗುಂಡಿ ಒತ್ತಿ, ನಾಲ್ಕು ಸಲ ಮುಚ್ಚಳ ಗುದ್ದಿ, ಕೊನೆಗೆ ಗ್ಯಾರೇಜಿಗೆ ಫೋನ್ ಮಾಡಿದರೆ ಮುಗಿಯಿತು ಎಂಬ ಭಾವನೆ. ಎಂಜಿನ್ ಕೆಟ್ಟಿಲ್ಲ, ಬ್ರೇಕ್ ಕೆಟ್ಟಿಲ್ಲ, ಬರೀ ಸಾಮಾನಿನ ಜಾಗ ತಾನೆ? ಆದರೆ ಆ ಜಾಗದಲ್ಲಿ ಏನೇನಿರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಸ್ಟೆಪ್ನಿ ಅಲ್ಲಿ, ಜಾಕ್ ಅಲ್ಲಿ, ವೀಲ್ ಸ್ಪ್ಯಾನರ್ ಅಲ್ಲಿ. ಹೆದ್ದಾರಿಯಲ್ಲಿ ಗಾಡಿ ನಿಂತರೆ ಹಿಂದೆ ಬರುವವರಿಗೆ ಎಚ್ಚರಿಕೆಯಾಗಿ ಇಡುವ ಕೆಂಪು ತ್ರಿಕೋನವೂ ಸಾಮಾನ್ಯವಾಗಿ ಅಲ್ಲೇ. ಕೆಲವು ದುಬಾರಿ ಕಾರುಗಳಲ್ಲಿ ಬ್ಯಾಟರಿಯೇ ಡಿಕ್ಕಿಯೊಳಗಿದೆ. ನಮ್ಮ ನಗರಗಳ ಸಿಎನ್‌ಜಿ ಟ್ಯಾಕ್ಸಿಗಳಲ್ಲಿ ಅನಿಲದ ಸಿಲಿಂಡರ್ ಕೂತಿರುವುದು ಡಿಕ್ಕಿಯಲ್ಲಿ, ಸೋರಿಕೆಯಾದರೆ ಕೈಯಿಂದ ತಿರುಗಿಸಿ ಅನಿಲ ನಿಲ್ಲಿಸುವ ವಾಲ್ವ್ ಇರುವುದು ಆ ಸಿಲಿಂಡರಿನ ಬಾಯಲ್ಲಿ. ಅಂದರೆ ಕಾರು ಕೈಕೊಟ್ಟ ಹೊತ್ತಿಗೆ ಬೇಕಾಗುವ ವಸ್ತುಗಳನ್ನೆಲ್ಲ ಒಂದೇ ಮುಚ್ಚಳದ ಹಿಂದೆ ಇಟ್ಟಿದ್ದೇವೆ. ಆ ಮುಚ್ಚಳ ತೆರೆಯುವ ಕೆಲಸವನ್ನು ಈಗ ಬಹುಪಾಲು ಕಂಪನಿಗಳು ಒಂದು ಗುಂಡಿಗೆ, ಒಂದು ಪುಟ್ಟ ಮೋಟಾರಿಗೆ, ಒಂದೆರಡು ಸಣ್ಣ ತಂತಿಗಳಿಗೆ ವಹಿಸಿಬಿಟ್ಟಿವೆ. ಇದು ತಪ್ಪು. ಡಿಕ್ಕಿಗೆ ಎಷ್ಟು ಬಗೆಯ ಎಲೆಕ್ಟ್ರಿಕ್ ಸೌಕರ್ಯ ಬೇಕಾದರೂ ಇರಲಿ. ಕರೆಂಟಿನ ಹಂಗಿಲ್ಲದೆ ಹೊರಗಿನಿಂದ ಕೀಲಿ ಹಾಕಿ ತೆರೆಯುವ ಒಂದು ದಾರಿ, ಒಳಗಿನಿಂದ ಕೈಯಿಂದ ಎಳೆದು ತೆರೆಯುವ ಇನ್ನೊಂದು ದಾರಿ ಪ್ರತಿ ಕಾರಿನಲ್ಲೂ ಇರಬೇಕು, ಅದನ್ನು ಸರಕಾರ ನಿಯಮವಾಗಿ ಬರೆಯಬೇಕು ಎಂಬುದು ನನ್ನ ವಾದ.

ಡಿಕ್ಕಿ ಮೊದಲಿನಿಂದಲೂ ಹೀಗೆ ಇದ್ದದ್ದಲ್ಲ. ಹಳೆಯ ಕಾಲದ ಎರಡು ಸೀಟಿನ ಕಾರುಗಳ ಹಿಂಭಾಗದಲ್ಲಿ ಮಡಚಿ ಮುಚ್ಚುವ ಒಂದು ಹೆಚ್ಚುವರಿ ಸೀಟು ಇರುತ್ತಿತ್ತು. ಅದನ್ನು ಬ್ರಿಟಿಷರು ಡಿಕ್ಕಿ ಸೀಟು ಎನ್ನುತ್ತಿದ್ದರು. ಆ ಸೀಟು ಹೋಗಿ ಸಾಮಾನಿನ ಜಾಗ ಬಂದ ಮೇಲೂ ನಮ್ಮ ದೇಶದಲ್ಲಿ ಹೆಸರು ಉಳಿದುಕೊಂಡಿತು. ಕನ್ನಡದ ಕಿವಿಗೆ ಡಿಕ್ಕಿ ಎಂದರೆ ಮೊದಲು ಅಪಘಾತವೇ ನೆನಪಾಗುತ್ತದೆ, ಆದರೂ ಡ್ರೈವರುಗಳ, ಮೆಕ್ಯಾನಿಕ್‌ಗಳ, ಮನೆಮಂದಿಯ ಬಾಯಲ್ಲಿ ಬೇರೆ ಪದ ನಿಲ್ಲಲಿಲ್ಲ. ಅಂಬಾಸಡರ್ ಕಾರಿನ ಡಿಕ್ಕಿಗೆ ಹೊರಗೆ ಕಾಣುವ ಹಿಡಿಕೆಯಿತ್ತು, ಕೀಲಿ ಹಾಕಲು ತೂತಿತ್ತು. ಕೀಲಿ ತಿರುಗಿಸಿ ಹಿಡಿಕೆ ತಿರುಗಿಸಿದರೆ ಒಳಗಿನ ಕಬ್ಬಿಣದ ಕೊಂಡಿ ಬಿಡುತ್ತಿತ್ತು, ಅಷ್ಟೆ. ಬ್ಯಾಟರಿ ಸತ್ತಿದ್ದರೂ, ವೈರಿಂಗ್ ಸುಟ್ಟಿದ್ದರೂ ಡಿಕ್ಕಿಗೆ ಅದರ ಸುದ್ದಿಯೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಚಾಲಕನ ಸೀಟಿನ ಪಕ್ಕ ಒಂದು ಲಿವರ್ ಬಂತು, ಅಲ್ಲಿಂದ ಕಾರ್ಪೆಟ್ಟಿನ ಅಡಿಯಲ್ಲಿ ಒಂದು ಸ್ಟೀಲ್ ಕೇಬಲ್ ಹಿಂದಕ್ಕೆ ಹೋಯಿತು. ಕೇಬಲ್ ಸಡಿಲವಾಗಬಹುದು, ತುಂಡಾಗಬಹುದು, ಆದರೂ ಹಿಂದೆ ಕೀಲಿ ತೂತು ಇದ್ದುದರಿಂದ ದಾರಿ ಪೂರ್ತಿ ಮುಚ್ಚುತ್ತಿರಲಿಲ್ಲ. ಮೂರನೆಯ ಹಂತದಲ್ಲಿ ಗುಂಡಿ ಬಂತು: ನಂಬರ್ ಪ್ಲೇಟಿನ ಮೇಲಿನ ಪಟ್ಟಿಯ ಅಡಿಯಲ್ಲಿ ಬೆರಳಿಗೆ ಸಿಗುವ ಮೆತ್ತನೆಯ ರಬ್ಬರ್ ಗುಂಡಿ. ಅದರ ಜೊತೆಗೇ ಕೀಲಿ ತೂತು ಒಂದೊಂದೇ ಮಾದರಿಯಿಂದ ಮಾಯವಾಗತೊಡಗಿತು. ಲಿವರ್ ಹೋಯಿತು, ಕೇಬಲ್ ಹೋಯಿತು. ಹೊಸದು ಬಂದದ್ದಕ್ಕೆ ನನ್ನ ತಕರಾರಿಲ್ಲ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದವರಿಗೆ, ಬೆನ್ನು ನೋವಿರುವ ಹಿರಿಯರಿಗೆ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಡಿಕ್ಕಿ ನಿಜವಾದ ಉಪಕಾರ. ಹೊಸದು ಬಂದಾಗ ಹಳೆಯದನ್ನು ಕಿತ್ತುಹಾಕಿದ್ದಕ್ಕೆ ನನ್ನ ಆಕ್ಷೇಪ.

ಎಲೆಕ್ಟ್ರಿಕ್ ಡಿಕ್ಕಿ ಹೇಗೆ ಕೈಕೊಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಆಕ್ಷೇಪ ಅರ್ಥವಾಗುತ್ತದೆ. ಡಿಕ್ಕಿಯ ಮುಚ್ಚಳ ಮೇಲೆತ್ತಿ ಅದರ ಕೀಲಿನ ಪಕ್ಕ ಗಮನಿಸಿ: ಕಾರಿನ ಮೈಯಿಂದ ಮುಚ್ಚಳಕ್ಕೆ ಹೋಗುವ ತಂತಿಗಳ ಗೊಂಚಲು ಕಾಣುತ್ತದೆ, ಹಲವು ಕಾರುಗಳಲ್ಲಿ ಅದಕ್ಕೆ ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆಯ ಹೊದಿಕೆಯಿರುತ್ತದೆ. ನಂಬರ್ ಪ್ಲೇಟಿನ ದೀಪಕ್ಕೆ, ರಿವರ್ಸ್ ಕ್ಯಾಮೆರಾಗೆ, ಡಿಕ್ಕಿಯ ಲಾಕಿಗೆ ಎಲ್ಲಕ್ಕೂ ಕರೆಂಟು ಹೋಗುವುದು ಅಲ್ಲಿಂದಲೇ. ಮುಚ್ಚಳ ತೆರೆದಾಗಲೆಲ್ಲ ಈ ತಂತಿಗಳು ಬಾಗುತ್ತವೆ, ಮುಚ್ಚಿದಾಗಲೆಲ್ಲ ಮತ್ತೆ ಇನ್ನೊಂದು ಕಡೆಗೆ ಬಾಗುತ್ತವೆ. ದಿನಕ್ಕೆ ನಾಲ್ಕು ಸಲ ತೆರೆದರೆ ವರ್ಷಕ್ಕೆ ಸಾವಿರದ ನಾನೂರಕ್ಕೂ ಹೆಚ್ಚು ಸಲ. ವಿಮಾನ ನಿಲ್ದಾಣದ ಟ್ಯಾಕ್ಸಿಯಾದರೆ ಅದರ ಎಷ್ಟೋ ಪಟ್ಟು. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತಿರುತ್ತವೆ. ಮೊದಲು ನಂಬರ್ ಪ್ಲೇಟಿನ ದೀಪ ಮಿಣುಕುತ್ತದೆ, ಕ್ಯಾಮೆರಾದ ಚಿತ್ರ ಆಗಾಗ ಕಪ್ಪಾಗುತ್ತದೆ, ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಒಂದು ದಿನ ಲಾಕಿನ ತಂತಿಯ ಸರದಿ ಬರುತ್ತದೆ. ರಬ್ಬರ್ ಗುಂಡಿಯದು ಇನ್ನೊಂದು ಕಥೆ. ಬಿಸಿಲಿಗೆ ಒಣಗಿ ಬಿರಿದ ರಬ್ಬರಿನ ಸಂದಿಯಲ್ಲಿ ಮಳೆನೀರು ಇಳಿದು ಒಳಗಿನ ಪುಟ್ಟ ಸ್ವಿಚ್ಚಿಗೆ ಕಿಲುಬು ಹಿಡಿಯುತ್ತದೆ. ನಾಲ್ಕು ತಿಂಗಳು ಮಳೆ ಸುರಿಯುವ ಮಲೆನಾಡಿನಲ್ಲಿ, ಉಪ್ಪುಗಾಳಿಯ ಉಡುಪಿ, ಮಂಗಳೂರಿನಲ್ಲಿ ಇಂಥ ಸ್ವಿಚ್ಚಿಗೆ ದೀರ್ಘಾಯುಷ್ಯ ಹಾರೈಸುವುದು ಕಷ್ಟ. ಇವೆರಡೂ ಸರಿಯಿದ್ದರೂ 12 ವೋಲ್ಟಿನ ಬ್ಯಾಟರಿ ಇಳಿದುಹೋದರೆ ಎಲ್ಲವೂ ಸುಮ್ಮನಾಗುತ್ತದೆ. ಎಲೆಕ್ಟ್ರಿಕ್ ಕಾರು ಕೊಂಡವರು ತಮಗೆ ಈ ಕಾಟವಿಲ್ಲ ಎಂದುಕೊಳ್ಳುವ ಹಾಗಿಲ್ಲ. ಚಕ್ರ ತಿರುಗಿಸುವ ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಬಾಗಿಲು, ಡಿಕ್ಕಿಗಳ ಲಾಕಿಗೆ ಕರೆಂಟು ಕೊಡುವುದು ಅಲ್ಲೂ ಸಾಮಾನ್ಯವಾಗಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೇ.

ತೆರೆಯದ ಡಿಕ್ಕಿಯ ಮುಂದೆ ನಿಂತವರು ಮಾಡಬೇಕಾದ ಕೆಲಸಗಳನ್ನು ನೋಡಿದರೂ ಇದೇ ಮಾತು ಹೊರಬೀಳುತ್ತದೆ. ಮೊದಲು ರಿಮೋಟ್ ಕೀಯ ಸೆಲ್ ನೋಡಬೇಕು. ಹೆಚ್ಚಿನವುಗಳಲ್ಲಿ ನಾಣ್ಯದಂಥ 3 ವೋಲ್ಟಿನ ಸೆಲ್ ಇರುತ್ತದೆ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆಮೇಲೆ ಒಬ್ಬರು ಮುಚ್ಚಳವನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿದು ಇನ್ನೊಬ್ಬರು ಗುಂಡಿ ಒತ್ತಬೇಕು. ಒಳಗೆ ಅತಿಯಾಗಿ ತುಂಬಿದ ಸಾಮಾನು ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಿದ್ದರೆ ಲಾಕಿನ ಕೊಂಡಿ ಬಿಗಿದುಕೊಂಡಿರುತ್ತದೆ, ಒತ್ತಿದಾಗ ಆ ಬಿಗಿ ಸಡಿಲವಾಗಿ ಎಷ್ಟೋ ಸಲ ತೆರೆದುಕೊಳ್ಳುತ್ತದೆ. ಫ್ಯೂಸ್ ನೋಡಬೇಕು, ಬ್ಯಾಟರಿ ಇಳಿದಿದ್ದರೆ ಜಂಪ್ ಕೊಡಬೇಕು. ಬ್ಯಾಟರಿ ಡಿಕ್ಕಿಯಲ್ಲೇ ಇರುವ ಹಲವು ಕಾರುಗಳಲ್ಲಿ ಜಂಪ್ ಕೊಡಲೆಂದೇ ಬಾನೆಟ್ಟಿನ ಅಡಿಯಲ್ಲಿ ಬೇರೆ ಟರ್ಮಿನಲ್ ಇಟ್ಟಿರುತ್ತಾರೆ. ರಿಮೋಟಿನ ಹೊಟ್ಟೆಯೊಳಗೆ ಒಂದು ಚಿಕ್ಕ ಲೋಹದ ಕೀಲಿ ಅಡಗಿರುತ್ತದೆ. ಡಿಕ್ಕಿಗೆ ತೂತಿದ್ದರೆ ಅದನ್ನು ಬಳಸಬೇಕು. ತೂತಿಲ್ಲದಿದ್ದರೆ ಕಾರಿನೊಳಗೆ ಹೋಗಿ ಹಿಂದಿನ ಸೀಟು ಮಡಚಿ, ಡಿಕ್ಕಿಯೊಳಗೆ ತೆವಳಿ, ಲಾಕಿನ ಕೊಂಡಿಯನ್ನು ಒಳಗಿನಿಂದ ಸರಿಸಬೇಕು. ಕೆಲವು ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂಬಾಗಿಲಿನ ಒಳಮೈಯ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇದಕ್ಕೆಂದೇ ಒಂದು ಚಿಕ್ಕ ಮುಚ್ಚಳವಿದೆ, ಅದನ್ನು ಕಿತ್ತು ಸ್ಕ್ರೂಡ್ರೈವರಿನಿಂದ ಒಂದು ತುಂಡನ್ನು ಪಕ್ಕಕ್ಕೆ ತಳ್ಳಿದರೆ ಬಾಗಿಲು ಬಿಡುತ್ತದೆ. ಈ ಸರಣಿಯಲ್ಲಿ ಕರೆಂಟಿನ ಹಂಗು ದಾಟಿದ ಮೇಲೆ ಉಳಿಯುವುದೆಲ್ಲ ಮನುಷ್ಯನ ಕೈ ತಲುಪುವ ಯಾವುದೋ ಕೊಂಡಿ, ಯಾವುದೋ ಕೀಲಿ. ಅದನ್ನು ಕಂಪನಿ ಉಳಿಸಿದ್ದರೆ ಹತ್ತು ನಿಮಿಷದ ಕೆಲಸ. ಉಳಿಸದಿದ್ದರೆ ಕಾರನ್ನು ಟೋ ಮಾಡಿಸಬೇಕು, ಇಲ್ಲವೇ ನಂಬರ್ ಪ್ಲೇಟ್ ಬಿಚ್ಚಿ, ಪಟ್ಟಿ ಕಿತ್ತು, ಬಣ್ಣ ಗೀರಿ ಒಳಗೆ ಕಂಬಿ ತೂರಿಸಬೇಕು. ಇಲ್ಲೊಂದು ವಿಚಿತ್ರವೂ ಇದೆ. ಟ್ಯಾಕ್ಸಿಗಳಾಗಿ ಹೆಚ್ಚು ಓಡುವ ಚಿಕ್ಕ ಸೆಡಾನ್‌ಗಳಲ್ಲಿ ಹಲವಕ್ಕೆ ಹಿಂದಿನ ಸೀಟು ಮಡಚುವುದೇ ಇಲ್ಲ, ಸಿಎನ್‌ಜಿ ಇದ್ದರೆ ಸಿಲಿಂಡರ್ ಅಡ್ಡ ಬೇರೆ. ಕೈಯ ದಾರಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಗಾಡಿಯಲ್ಲೇ ಅದು ಇಕ್ಕಟ್ಟಾಗಿದೆ.

ಇಷ್ಟು ಹೊರಗೆ ನಿಂತವರ ಕಷ್ಟ. ಒಳಗೆ ಸಿಕ್ಕಿಕೊಂಡವರ ಮಾತು ಬಂದಾಗ ವಿಷಯದ ತೂಕವೇ ಬದಲಾಗುತ್ತದೆ. 1995ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನೆಟ್ ಫೆನ್ನೆಲ್ ಎಂಬ ಮಹಿಳೆಯನ್ನೂ ಆಕೆಯ ಪತಿಯನ್ನೂ ಬಂದೂಕುಧಾರಿಗಳು ಅವರದೇ ಕಾರಿನ ಡಿಕ್ಕಿಗೆ ನೂಕಿ ಕಾರು ಓಡಿಸಿಕೊಂಡು ಹೋದರು. ಕತ್ತಲಲ್ಲಿ ತಡಕಾಡುತ್ತಿದ್ದ ದಂಪತಿ ಡಿಕ್ಕಿಯ ಕೇಬಲ್ ಕೈಗೆ ಸಿಕ್ಕಿದ್ದರಿಂದ ಬದುಕಿಕೊಂಡರು. ಆಮೇಲೆ ಆಕೆ ಡಿಕ್ಕಿಗೆ ಒಳಗಿನಿಂದ ತೆರೆಯುವ ಹಿಡಿಕೆ ಬೇಕೆಂದು ಚಳವಳಿಯನ್ನೇ ಶುರುಮಾಡಿದರು. ಅದು ಅಪರೂಪದ ಪ್ರಕರಣ, ಅದಕ್ಕಾಗಿ ಎಲ್ಲ ಕಾರುಗಳನ್ನು ಬದಲಿಸಲಾಗದು ಎಂಬ ಉತ್ತರವೇ ಮೊದಮೊದಲು ಬಂತು. 1998ರ ಬೇಸಿಗೆಯಲ್ಲಿ ನ್ಯೂ ಮೆಕ್ಸಿಕೊ, ಪೆನ್ಸಿಲ್ವೇನಿಯಾ, ಯೂಟಾ ರಾಜ್ಯಗಳಲ್ಲಿ ಸುಮಾರು ಮೂರು ವಾರಗಳ ಅಂತರದಲ್ಲಿ ಮೂರು ಘಟನೆಗಳು ನಡೆದು ಒಟ್ಟು 11 ಮಕ್ಕಳು ಡಿಕ್ಕಿಯೊಳಗೆ ಸಿಕ್ಕಿ ಸತ್ತರು. ಆಡುತ್ತಾ ಆಡುತ್ತಾ ಒಳಗೆ ಹೋಗಿದ್ದರು, ಮುಚ್ಚಳ ಬಿತ್ತು, ಒಳಗಿನಿಂದ ತೆರೆಯುವ ಉಪಾಯವಿರಲಿಲ್ಲ. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ 2000ದಲ್ಲಿ ನಿಯಮ ಮಾಡಿತು; 2001ರ ಸೆಪ್ಟೆಂಬರ್ 1ರಿಂದ ತಯಾರಾಗುವ, ಡಿಕ್ಕಿಯಿರುವ ಪ್ರತಿ ಪ್ರಯಾಣಿಕ ಕಾರಿನೊಳಗೂ ಬಿಡಿಸಿಕೊಳ್ಳುವ ಸಾಧನ ಕಡ್ಡಾಯವಾಯಿತು. ಕೈಯಿಂದ ಎಳೆಯುವ ಹಿಡಿಕೆಯಾದರೆ ಮುಚ್ಚಿದ ಡಿಕ್ಕಿಯ ಕತ್ತಲಲ್ಲೂ ಕಣ್ಣಿಗೆ ಕಾಣಬೇಕು ಎಂಬ ಷರತ್ತೂ ಸೇರಿತು. ಅದಕ್ಕೇ ಅಲ್ಲಿನ ಕಾರುಗಳಲ್ಲಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ಹಿಡಿಕೆ ಲಾಕಿನ ಪಕ್ಕ ನೇತಾಡುತ್ತದೆ. ಹಗಲ ಬೆಳಕು ಕುಡಿದುಕೊಂಡು ಕತ್ತಲಲ್ಲಿ ತಿಳಿಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಡಿಕ್ಕಿಯಿಂದ ಹೊರಗೆ ಜಿಗಿಯುತ್ತಿರುವ ಮನುಷ್ಯನ ಚಿತ್ರವಿರುತ್ತದೆ. ಓದಲು ಬಾರದ ಮಗುವಿಗೂ ಅರ್ಥವಾಗಲಿ ಎಂದು ಚಿತ್ರ. ಬ್ಯಾಟರಿ ಬೇಡ, ಬಲ್ಬು ಬೇಡ. ಅಂಥ ಹಿಡಿಕೆಯಿದ್ದ ಕಾರಿನ ಡಿಕ್ಕಿಯೊಳಗೆ ಸಿಕ್ಕಿ ಯಾರೂ ಸತ್ತ ದಾಖಲೆಯಿಲ್ಲ ಎಂದು ಫೆನ್ನೆಲ್ ಕಟ್ಟಿದ ಸಂಘಟನೆ ಹೇಳುತ್ತದೆ. ಒಂದು ನಿಯಮದಿಂದ ಇಷ್ಟು ನೇರವಾದ ಫಲ ಸಿಕ್ಕ ಉದಾಹರಣೆ ವಾಹನ ಸುರಕ್ಷತೆಯಲ್ಲಿ ಹೆಚ್ಚಿಲ್ಲ.

ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಕಾರಿನೊಳಗೆ ಮಕ್ಕಳು ಸಿಕ್ಕಿಕೊಳ್ಳುವುದು ಮಾತ್ರ ನಮ್ಮಲ್ಲೂ ನಡೆಯುತ್ತಿದೆ. 2024ರ ನವೆಂಬರ್‌ನಲ್ಲಿ ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಕೃಷಿ ಕಾರ್ಮಿಕ ಕುಟುಂಬದ ನಾಲ್ವರು ಮಕ್ಕಳು ನಿಲ್ಲಿಸಿದ್ದ ಕಾರಿನೊಳಗೆ ಆಡಲು ಹೋಗಿ ಉಸಿರುಗಟ್ಟಿ ಸತ್ತರು. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಬಳಿಯ ದ್ವಾರಪುಡಿಯಲ್ಲಿ ಮತ್ತೆ ನಾಲ್ವರು ಮಕ್ಕಳು ಅದೇ ರೀತಿ ಸತ್ತರು. ಇವು ಡಿಕ್ಕಿಯ ಸಾವುಗಳಲ್ಲ, ಸೀಟುಗಳಿರುವ ಜಾಗದಲ್ಲಿ ಆದವು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆದರೂ ಇವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಕಿಟಕಿಯಿರುವ, ಹಿಡಿಕೆಯಿರುವ, ಹೊರಗಿನವರ ಕಣ್ಣಿಗೆ ಬೀಳಬಹುದಾದ ಜಾಗದಿಂದಲೇ ಮಕ್ಕಳು ಹೊರಬರಲಾರದೆ ಹೋದರೆ, ಕಿಟಕಿಯಿಲ್ಲದ, ಹಿಡಿಕೆಯಿಲ್ಲದ, ಕೂಗಿದರೂ ದನಿ ಹೊರಬಾರದ ಡಿಕ್ಕಿಯ ಪಾಡೇನು? ಬಿಸಿಲಲ್ಲಿ ನಿಂತ ಕಾರಿನೊಳಗೆ ತಾಪಮಾನ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಆ ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ ಎಂದು ಅಮೆರಿಕದ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಹೊರಗೇ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನಕ್ಕೆ ಈ ಲೆಕ್ಕ ಹಚ್ಚಿ ನೋಡಿದರೆ ಮೆಕ್ಯಾನಿಕ್ ಬರುವವರೆಗೆ ಕಾಯುವ ಮಾತಿಗೆ ಅಲ್ಲಿ ಜಾಗವೇ ಇಲ್ಲ ಎಂದು ತಿಳಿಯುತ್ತದೆ.

ಈ ಬೇಡಿಕೆಗೆ ಬರುವ ಮೊದಲ ಆಕ್ಷೇಪ ಕಳ್ಳರದು. ಕೀಲಿ ತೂತು ಇಟ್ಟರೆ ಕಳ್ಳನಿಗೆ ದಾರಿ ತೋರಿಸಿದಂತೆ, ತೂತು ತೆಗೆದದ್ದೇ ಭದ್ರತೆಗಾಗಿ ಎನ್ನುತ್ತಾರೆ. ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹಳೆಯ ಕಾಲದ ಸಡಿಲ ಬೀಗಗಳನ್ನು ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದ ಕಳ್ಳರು ಇದ್ದೇ ಇದ್ದರು. ಆದರೆ ಒಳಗಿನ ಹಿಡಿಕೆಗೆ ಈ ಆಕ್ಷೇಪ ತಾಗುವುದೇ ಇಲ್ಲ. ಡಿಕ್ಕಿಯೊಳಗಿನ ಹಿಡಿಕೆ ಹೊರಗೆ ನಿಂತ ಕಳ್ಳನ ಕೈಗೆ ಸಿಗುವುದಿಲ್ಲ. ಹೊರಗಿನ ಕೀಲಿಯ ವಿಷಯಕ್ಕೆ ಬಂದರೆ, ಇವತ್ತಿನ ಬಹುತೇಕ ಕಾರುಗಳ ಚಾಲಕನ ಬಾಗಿಲಿಗೆ ಕೀಲಿ ತೂತು ಇದ್ದೇ ಇದೆ, ಕೆಲವದರಲ್ಲಿ ಹಿಡಿಕೆಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿದೆ. ಮುಂಬಾಗಿಲಿಗೆ ಭದ್ರವೆನಿಸಿದ ಬೀಗ ಹಿಂದಿನ ಮುಚ್ಚಳಕ್ಕೆ ಅಭದ್ರವಾಗುವುದು ಹೇಗೆ? ಎರಡನೆಯ ತೂತು ಬೇಡವೇ ಬೇಡ ಎನ್ನುವ ಕಂಪನಿ ಆ ಒಂದೇ ಬಾಗಿಲಿನಿಂದ ಒಳಹೋದವರ ಕೈಗೆ ಸಿಗುವಂತೆ ಒಂದು ಕೇಬಲ್ ಕೊಡಲಿ, ಸಾಕು. ಅದೂ ಅಲ್ಲದೆ ಇತ್ತೀಚೆಗೆ ಕೀಲಿಯಿಲ್ಲದ ಕಾರುಗಳನ್ನು ಕದಿಯುವವರು ಬೀಗ ಮುಟ್ಟುವುದೇ ಇಲ್ಲ. ಮನೆಯೊಳಗಿರುವ ರಿಮೋಟಿನ ಸಂಕೇತವನ್ನು ಹೊರಗಿನಿಂದ ಹಿಡಿದು, ಕಾರಿನವರೆಗೆ ದಾಟಿಸಿ, ಸದ್ದಿಲ್ಲದೆ ಓಡಿಸಿಕೊಂಡು ಹೋಗುತ್ತಾರೆ. ತೂತು ಮುಚ್ಚಿದ್ದರಿಂದ ಕಳ್ಳತನ ನಿಂತಿಲ್ಲ. ಕಳ್ಳ ದಾರಿ ಬದಲಿಸಿದ, ಮಾಲೀಕನ ದಾರಿ ಮಾತ್ರ ಮುಚ್ಚಿತು.

ಎರಡನೆಯ ಆಕ್ಷೇಪವನ್ನು ಹೆಚ್ಚು ಗೌರವದಿಂದ ನೋಡಬೇಕು. ಭಾರತದ ರಸ್ತೆಗಳಲ್ಲಿ ಈಗ ಹ್ಯಾಚ್‌ಬ್ಯಾಕ್ ಮತ್ತು ಎಸ್‌ಯುವಿಗಳೇ ಹೆಚ್ಚು, ಅವುಗಳ ಡಿಕ್ಕಿ ಪ್ರತ್ಯೇಕ ಪೆಟ್ಟಿಗೆಯಲ್ಲ, ಸೀಟಿನ ಹಿಂದಿನ ಖಾಲಿ ಜಾಗ ಅಷ್ಟೆ, ಅಲ್ಲಿ ಯಾರೂ ಬಂದಿಯಾಗುವುದಿಲ್ಲ, ಅಮೆರಿಕದ ನಿಯಮವೂ ಮುಚ್ಚಿದ ಪೆಟ್ಟಿಗೆಯಂಥ ಡಿಕ್ಕಿಗಷ್ಟೇ ಅನ್ವಯ ಎನ್ನಬಹುದು. ಉಸಿರುಗಟ್ಟುವ ಅಪಾಯದ ಮಟ್ಟಿಗೆ ಇದು ಸರಿ. ಹೊಳೆಯುವ ಹಿಡಿಕೆ ಸೆಡಾನ್‌ಗಳಿಗೆ ಮೊದಲು ಬರಲಿ. ಆದರೆ ಹಿಂಬಾಗಿಲು ತೆರೆಯದಿದ್ದರೆ ಸ್ಟೆಪ್ನಿ ಸಿಗದಿರುವುದು, ವಾಲ್ವ್ ಸಿಗದಿರುವುದು ಹ್ಯಾಚ್‌ಬ್ಯಾಕಿನಲ್ಲೂ ಅಷ್ಟೇ ನಿಜ. ಒಳಮೈಯಲ್ಲಿ ಗುಟ್ಟಾಗಿ ಇಟ್ಟಿರುವ ಆ ಪುಟ್ಟ ಮುಚ್ಚಳ ಸಾಮಾನು ತುಂಬಿದ್ದಾಗ ಕೈಗೆ ಸಿಗುವುದಿಲ್ಲ, ಸಾಮಾನು ಇಲ್ಲದಿದ್ದಾಗಲೂ ಅದು ಇದೆಯೆಂದು ಮಾಲೀಕರಿಗೆ ಗೊತ್ತಿರುವುದಿಲ್ಲ. ಅಪಘಾತವಾದ ಕಾರಿನಲ್ಲಿ ಪಕ್ಕದ ಬಾಗಿಲುಗಳು ಸಿಕ್ಕಿಕೊಂಡರೆ ಹಿಂಬಾಗಿಲೇ ಹೊರಬರುವ ದಾರಿಯಾಗಬಹುದು. ಒಳಗೆ ಕೈಹಿಡಿಕೆಯಿಲ್ಲದೆ ಆ ದಾರಿ ಇದ್ದೂ ಇಲ್ಲದಂತೆ. ಇನ್ನು ಸಾಮಾನು ತಗುಲಿ ಹಿಡಿಕೆ ಎಳೆದುಕೊಂಡು ಓಡುವ ಕಾರಿನ ಡಿಕ್ಕಿ ತೆರೆದುಕೊಂಡರೆ ಎಂಬ ಭಯವಿದ್ದರೆ, ಎರಡು ದಶಕ ದಾಟಿದ ಅಮೆರಿಕದ ಅನುಭವ ಕಣ್ಣೆದುರಿಗಿದೆ. ಅಲ್ಲಿ ಆ ಹಿಡಿಕೆಯನ್ನು ಯಾರೂ ತೆಗೆದುಹಾಕಲಿಲ್ಲ. ಖರ್ಚಿನ ಮಾತಂತೂ ನಿಲ್ಲುವುದಿಲ್ಲ. ಒಂದು ಹಿಡಿಕೆ, ಒಂದು ಮೊಳ ಕೇಬಲ್, ಲಾಕಿನಲ್ಲಿ ಒಂದು ಕೊಕ್ಕೆ. ಸನ್‌ರೂಫ್, ಬಣ್ಣಬಣ್ಣದ ಒಳದೀಪ, ಹತ್ತು ಇಂಚಿನ ಪರದೆ ಹಾಕಲು ಹಿಂಜರಿಯದ ಕಂಪನಿಗಳು ಇದಕ್ಕೆ ದುಡ್ಡಿಲ್ಲ ಎನ್ನಲಾಗದು.

ಅಪರೂಪಕ್ಕೆ ಕೆಡುವ ಒಂದು ಲಾಕಿಗೆ ಕಾನೂನು ಏಕೆ, ಸರ್ವಿಸ್ ಸೆಂಟರ್ ಇದೆಯಲ್ಲ ಎಂಬುದು ಮೂರನೆಯ ಆಕ್ಷೇಪ. ನಮ್ಮ ದೇಶದಲ್ಲಿ 2024-25ರ ಹಣಕಾಸು ವರ್ಷವೊಂದರಲ್ಲೇ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳು ಮಾರಾಟವಾಗಿವೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸಾವಿರಕ್ಕೊಂದು ಕೆಟ್ಟರೂ ಒಂದು ವರ್ಷದ ಕಾರುಗಳಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳ ಮಾತು. ಸರ್ವಿಸ್ ಸೆಂಟರ್ ಎಲ್ಲಿದೆ ಎಂಬುದೂ ಪ್ರಶ್ನೆಯೇ. ಸುರಪುರದಲ್ಲೋ ಕೊಟ್ಟಿಗೆಹಾರದಲ್ಲೋ ರಾತ್ರಿ ಎಂಟಕ್ಕೆ ಡಿಕ್ಕಿ ಹಿಡಿದುಕೊಂಡರೆ ಕೈಗೆ ಸಿಗುವವರು ಊರಿನ ಗ್ಯಾರೇಜಿನವರು, ಇಲ್ಲವೇ ಡೂಪ್ಲಿಕೇಟ್ ಕೀ ಮಾಡುವವರು. ಅವರ ಕೈಗೂ ಸಿಗದಂತೆ ಲಾಕನ್ನು ಸಾಫ್ಟ್‌ವೇರಿನ ಹಿಂದೆ ಇಟ್ಟರೆ, ಅದನ್ನು ಬಿಡಿಸುವ ಸ್ಕ್ಯಾನರ್ ಕಂಪನಿಯ ಬಳಿ ಮಾತ್ರ ಇದ್ದರೆ, ಜನ ಒಬ್ಬನೇ ಅಂಗಡಿಯವನ ಗಿರಾಕಿಗಳಾಗುತ್ತಾರೆ. ಈ ಮಾತನ್ನು ನಮ್ಮ ಸಂಸ್ಥೆಗಳೇ ಒಪ್ಪಿಕೊಂಡಿವೆ. ಬಿಡಿಭಾಗಗಳನ್ನೂ ದೋಷ ಪತ್ತೆ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು, ದಂಡದ ಲೆಕ್ಕ ಬದಲಾಯಿತು, ಆದರೆ ಆಯೋಗ ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಕೃಷಿ ಯಂತ್ರ, ಮೊಬೈಲ್, ಗೃಹೋಪಕರಣಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು, ಆ ವರ್ಷದ ಕೊನೆಗೆ ಒಂದು ಪೋರ್ಟಲ್ಲನ್ನೂ ತೆರೆಯಿತು. ಪೋರ್ಟಲ್ಲಿನಲ್ಲಿ ದೂರವಾಣಿ ಸಂಖ್ಯೆ ಹುಡುಕಿಕೊಳ್ಳಬಹುದು, ಹಿಡಿದುಕೊಂಡ ಕೊಂಡಿ ಅದರಿಂದ ಬಿಡುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗಲ್ಲಿಗಳಲ್ಲಿ ತಲೆಮಾರುಗಳಿಂದ ಕಾರಿನ ಕೆಲಸ ಕಲಿತವರಿದ್ದಾರೆ. ಯಾವ ಕಾರಿನ ಕೊಂಡಿ ಎಲ್ಲಿದೆ ಎಂದು ಬೆರಳ ತುದಿಯಲ್ಲೇ ಹೇಳಬಲ್ಲವರು ಅವರು. ಆ ವಿದ್ಯೆ ಕೆಲಸಕ್ಕೆ ಬರಬೇಕಾದರೆ ಮುಟ್ಟಲು ಒಂದು ಕೊಂಡಿಯಾದರೂ ಇರಬೇಕು.

ಕೈಯ ದಾರಿ ಬೇಕೆಂಬ ತತ್ವ ನಮ್ಮ ಕಾನೂನಿಗೆ ಹೊಸದೇನೂ ಅಲ್ಲ. ಕಾರುಗಳ ಮುಂಭಾಗದ ಅಪಘಾತ ಪರೀಕ್ಷೆಗೆ ಇರುವ ಭಾರತೀಯ ಮಾನದಂಡ ಎಐಎಸ್ 098, ಅದರ ಮೂಲವಾದ ವಿಶ್ವಸಂಸ್ಥೆಯ ನಿಯಮದಂತೆಯೇ, ಗುದ್ದಿದ ನಂತರ ಪ್ರತಿ ಸಾಲಿನ ಸೀಟಿಗೆ ಕನಿಷ್ಠ ಒಂದು ಬಾಗಿಲಾದರೂ ಉಪಕರಣಗಳ ನೆರವಿಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ. 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ ಇದು ಕಡ್ಡಾಯ. ಉಪಕರಣವಿಲ್ಲದೆ ತೆರೆಯಬೇಕು ಎಂಬ ಆ ಮಾತನ್ನು ಪಕ್ಕದ ಬಾಗಿಲಿನಿಂದ ಹಿಂದಿನ ಮುಚ್ಚಳಕ್ಕೂ ವಿಸ್ತರಿಸಿದರೆ ಸಾಕು. ಹೊರಗಿನ ಗಾಳಿಯೂ ಈ ಕಡೆಗೇ ಬೀಸುತ್ತಿದೆ. ಅಮೆರಿಕದ ಸುರಕ್ಷತಾ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಟೆಸ್ಲಾ ಮಾಡೆಲ್ ವೈಯ 2021ರ ಸುಮಾರು 1.74 ಲಕ್ಷ ಕಾರುಗಳ ಬಾಗಿಲ ಹಿಡಿಕೆಗಳ ಬಗ್ಗೆ ತನಿಖೆ ತೆರೆಯಿತು. ಕರೆಂಟು ಸಾಲದೆ ಹೊರಗಿನ ಹಿಡಿಕೆ ಕೆಲಸ ಮಾಡಲಿಲ್ಲ, ಒಳಗಿದ್ದ ಮಕ್ಕಳನ್ನು ಹೊರತೆಗೆಯಲು ಗಾಜು ಒಡೆಯಬೇಕಾಯಿತು ಎಂಬ ದೂರುಗಳು ಅದರ ಹಿಂದಿದ್ದವು. ಎಲೆಕ್ಟ್ರಿಕ್ ಕಾರುಗಳಲ್ಲಿ ಎಲ್ಲರಿಗಿಂತ ಮುಂದಿರುವ ಚೀನಾ, 2027ರ ಜನವರಿ 1ರಿಂದ ಕಾರಿನ ಬಾಗಿಲುಗಳಿಗೆ ಒಳಗೂ ಹೊರಗೂ ಯಾಂತ್ರಿಕವಾಗಿ ತೆರೆಯುವ ಹಿಡಿಕೆ ಕಡ್ಡಾಯ ಮಾಡಿದೆ. ಡಿಕ್ಕಿಯ ಬಾಗಿಲನ್ನು ಮಾತ್ರ ಅದೂ ಹೊರಗಿಟ್ಟಿದೆ. ಅಲ್ಲಿ ಬಿಟ್ಟುಹೋದದ್ದನ್ನು ಇಲ್ಲಿ ಸೇರಿಸಿಕೊಳ್ಳುವ ಅವಕಾಶ ನಮ್ಮ ಸಾರಿಗೆ ಸಚಿವಾಲಯಕ್ಕಿದೆ, ಅದಕ್ಕೆ ಮಾನದಂಡ ಬರೆಯಬಲ್ಲ ಎಂಜಿನಿಯರುಗಳು ಪುಣೆಯ ಎಆರ್‌ಎಐ ಸಂಸ್ಥೆಯಲ್ಲಿದ್ದಾರೆ. ಬರೆಯಬೇಕಾದ್ದೂ ಹೆಚ್ಚಿಲ್ಲ: ಬ್ಯಾಟರಿ ಕಳಚಿಟ್ಟ ಕಾರಿನ ಡಿಕ್ಕಿಯನ್ನು ಹೊರಗೆ ನಿಂತ ಒಬ್ಬ ಸಾಮಾನ್ಯ ವ್ಯಕ್ತಿ ಕಾರಿನ ಜೊತೆ ಬಂದ ಕೀಲಿಯಿಂದ ತೆರೆಯಲು ಆಗಬೇಕು, ಪೆಟ್ಟಿಗೆಯಂಥ ಡಿಕ್ಕಿಯಾದರೆ ಒಳಗಿನಿಂದ ಒಂದು ಮಗು ಕತ್ತಲಲ್ಲಿ ನೋಡಿ, ಎಳೆದು ತೆರೆಯಲು ಆಗಬೇಕು, ಸಿಲಿಂಡರ್ ಇರುವ ಗಾಡಿಯಲ್ಲಿ ವಾಲ್ವಿನ ದಾರಿಗೆ ಯಾವ ಸ್ವಿಚ್ಚೂ ಅಡ್ಡ ಇರಬಾರದು.

ನಿಯಮ ಬರುವವರೆಗೆ ಕಾಯಬೇಕಿಲ್ಲದ ಕೆಲಸವೊಂದು ಷೋರೂಮಿನಲ್ಲೇ ಆಗಬಹುದು. ಹೊಸ ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ದೊಡ್ಡ ಥರ್ಮೋಕೋಲ್ ಕೀಲಿ ಕೈಗಿತ್ತು ಫೋಟೊ ತೆಗೆಯುವ ಹೊತ್ತಿನಲ್ಲಿ ಬ್ಲೂಟೂತ್ ಜೋಡಿಸುವುದನ್ನು ಹೇಳಿಕೊಡುತ್ತಾರೆ, ಎಸಿಯ ಗುಂಡಿಗಳನ್ನು ತೋರಿಸುತ್ತಾರೆ. ಆಗಲೇ ಇನ್ನೈದು ನಿಮಿಷ ತೆಗೆದುಕೊಂಡು ರಿಮೋಟಿನೊಳಗಿನ ಲೋಹದ ಕೀಲಿಯನ್ನು ಹೊರಗೆಳೆದು, ಅದು ಯಾವ ತೂತಿಗೆ ಹೋಗುತ್ತದೆ, ಡಿಕ್ಕಿಯ ಒಳಗಿನ ಕೊಂಡಿ ಎಲ್ಲಿದೆ ಎಂದು ಮನೆಯವರೆಲ್ಲರ ಎದುರು ಮಾಡಿ ತೋರಿಸಬೇಕು. ಕೊಳ್ಳುವವರೂ ಕೇಳಬೇಕು, ಬ್ಯಾಟರಿ ಇಳಿದರೆ ಇದನ್ನು ಹೇಗೆ ತೆರೆಯುತ್ತೀರಿ ಎಂದು ಕೇಳಿ ಉತ್ತರ ಬಾರದಿದ್ದರೆ ಆ ಮಾದರಿಯ ಬಗ್ಗೆ ಮತ್ತೊಮ್ಮೆ ಯೋಚಿಸಬೇಕು. ಈಗಾಗಲೇ ಕಾರಿರುವವರಿಗೆ ಆಯುಧಪೂಜೆ ಒಳ್ಳೆಯ ಸಮಯ. ವರ್ಷಗಟ್ಟಲೆ ಕೀಲಿ ಕಾಣದ ತೂತು ದೂಳು ತುಂಬಿ ಕಿಲುಬು ಹಿಡಿದಿರುತ್ತದೆ. ಗಾಡಿ ತೊಳೆದ ದಿನ ಅದಕ್ಕೆ ಸ್ವಲ್ಪ ಗ್ರಾಫೈಟ್ ಪುಡಿ ಊದಿ, ಕೀಲಿ ಹಾಕಿ ನಾಲ್ಕು ಸಲ ತಿರುಗಿಸಿ, ರಿಮೋಟಿನ ಸೆಲ್ ಬದಲಿಸಿ, ಮುಚ್ಚಳದ ಕೀಲಿನ ಬಳಿಯ ತಂತಿಗಳ ಹೊದಿಕೆ ಬಿರಿದಿದೆಯೇ ನೋಡಿ, ಕುಂಕುಮ ಹಚ್ಚುವ ಮೊದಲು ಮಕ್ಕಳನ್ನು ಹತ್ತಿರ ಕರೆದು ಡಿಕ್ಕಿಯೊಳಗೆ ಆಡಲು ಹೋಗಬಾರದೆಂದೂ ಅದರ ಕೊಂಡಿ ಎಲ್ಲಿದೆಯೆಂದೂ ತೋರಿಸಿಕೊಡಿ.